ಆಮೆಯ ಬೆನ್ನಿನ ಡುಬ್ಬಗಳು: ಒಂದು ಕಾರಣಶೋಧದ ಚರಿತ್ರೆ



ಎರಡು ಆಮೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದೇವೆಂದು ಭಾವಿಸಿ. ಎರಡೂ ಒಂದೇ ಜಾತಿಯವು, ಒಂದೇ ವಯಸ್ಸಿನವು. ಮೊದಲನೆಯದು ಬಯಲಿನಲ್ಲಿ ಬೆಳೆದದ್ದು. ಅದರ ಬೆನ್ನು ಬೋರಲು ಹಾಕಿದ ಬಾಣಲೆಯಂತೆ ನುಣುಪಾಗಿ ಬಾಗಿದೆ. ಎರಡನೆಯದು ಮನೆಯೊಳಗೆ, ಒಂದು ಗಾಜಿನ ಪೆಟ್ಟಿಗೆಯಲ್ಲಿ ಬೆಳೆದದ್ದು. ಅದರ ಬೆನ್ನಿನ ಒಂದೊಂದು ಫಲಕವೂ ಪುಟ್ಟ ಗೋಪುರದಂತೆ ಮೇಲೆದ್ದಿದೆ, ನಡುನಡುವೆ ಆಳವಾದ ಕಣಿವೆಗಳಿವೆ. ಆಮೆ ಸಾಕುವವರು ಈ ವಿಕಾರವನ್ನು ಪಿರಮಿಡಿಂಗ್ ಎನ್ನುತ್ತಾರೆ. ಚಿಪ್ಪು ಡುಬ್ಬಗಟ್ಟುವುದು ಎಂದು ನಾವು ಕರೆಯೋಣ.

ಈ ಡುಬ್ಬ ಒಮ್ಮೆ ಎದ್ದರೆ ಇಳಿಯುವುದಿಲ್ಲ. ಔಷಧವಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. ಹೆಚ್ಚೆಂದರೆ ಮುಂದಿನ ಬೆಳವಣಿಗೆ ನೇರವಾದೀತು. ಹಿಂದಿನದು ಹಾಗೆಯೇ ಉಳಿಯುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಮಕ್ಕಳ ವಿಷಯದಲ್ಲಿ ಹೇಳುವ ಮಾತು ಆಮೆಯ ಮರಿಗೂ ಸಲ್ಲುತ್ತದೆ. ಹಲವು ದಶಕ ಬದುಕಬಲ್ಲ ಪ್ರಾಣಿಯ ಬೆನ್ನಿನ ಆಕಾರ ಮೊದಲ ಕೆಲವೇ ವರ್ಷಗಳಲ್ಲಿ ನಿರ್ಧಾರವಾಗಿಬಿಡುತ್ತದೆ.

ಹಾಗಾದರೆ ಡುಬ್ಬ ಏಕೆ ಏಳುತ್ತದೆ? ಬಿಸಿಲಿನ ಕೊರತೆಯೆಂದರು, ಸುಣ್ಣದ ಅಂಶ ಸಾಲದೆಂದರು, ತಿನ್ನಿಸಿದ್ದು ಹೆಚ್ಚಾಯಿತೆಂದರು. ಪ್ರತಿ ಬಾರಿಯೂ ಉತ್ತರ ಸಿಕ್ಕಿತೆಂದೇ ಜನ ನಂಬಿದರು, ಪ್ರತಿ ಬಾರಿಯೂ ಹೊಸ ಮರಿಗಳ ಬೆನ್ನು ಡುಬ್ಬಗಟ್ಟಿತು. ಈ ಹುಡುಕಾಟದ ಚರಿತ್ರೆಯೇ ಇಂದಿನ ನಮ್ಮ ವಿಷಯ. ಅದರಲ್ಲಿ ಪ್ರಾಣಿಶಾಸ್ತ್ರವಷ್ಟೇ ಅಲ್ಲ, ಒಂದು ಪರಿಣಾಮಕ್ಕೆ ಕಾರಣವನ್ನು ಹುಡುಕುವುದು ಹೇಗೆ ಎಂಬ ಪಾಠವೂ ಇದೆ.

ಮನೆಯಲ್ಲ, ಮೈ

ಮೊದಲು ಚಿಪ್ಪೆಂದರೇನು ಎಂಬುದನ್ನು ತಿಳಿಯಬೇಕು. ಆಮೆ ತನ್ನ ಚಿಪ್ಪಿನೊಳಗೆ ವಾಸಿಸುತ್ತದೆ ಎಂಬ ಮಾತು ಸರಿಯಲ್ಲ. ಶಂಖದ ಹುಳುವಿಗೆ ಶಂಖವಿದ್ದಂತೆ ಆಮೆಗೆ ಚಿಪ್ಪಲ್ಲ. ಅದು ಆಮೆಯ ಅಸ್ಥಿಪಂಜರದ ಒಂದು ಭಾಗ. ಬೆನ್ನುಮೂಳೆ ಮತ್ತು ಪಕ್ಕೆಲುಬುಗಳು ಅಗಲವಾಗಿ ಹರಡಿ, ಒಂದಕ್ಕೊಂದು ಬೆಸೆದು, ಕಮಾನಿನಂತಾಗಿವೆ. ಆ ಮೂಳೆಯ ಕಮಾನಿನ ಮೇಲೆ ಕೊಂಬಿನಂತಹ ವಸ್ತುವಿನ ಫಲಕಗಳ ಹೊದಿಕೆಯಿದೆ. ನಮ್ಮ ಉಗುರಿನಲ್ಲಿ, ದನದ ಕೊಂಬಿನಲ್ಲಿ ಇರುವ ಕೆರಾಟಿನ್ ಎಂಬ ಪದಾರ್ಥವೇ ಇದು. ಬೆನ್ನಿನ ಮಧ್ಯದ ಸಾಲಿನಲ್ಲಿ ಸಾಮಾನ್ಯವಾಗಿ 5, ಅದರ ಎರಡು ಪಕ್ಕಗಳಲ್ಲಿ ನಾಲ್ಕು ನಾಲ್ಕು, ಹೀಗೆ 13 ದೊಡ್ಡ ಫಲಕಗಳು. ಸುತ್ತಲೂ ಅಂಚುಕಟ್ಟಿದಂತೆ ಸಣ್ಣ ಫಲಕಗಳು.

ಹಾವು ಪೊರೆ ಬಿಡುವಂತೆ ನೆಲದ ಆಮೆ ತನ್ನ ಫಲಕಗಳನ್ನು ಕಳಚುವುದಿಲ್ಲ. ಮರಿಯಾಗಿದ್ದಾಗಿನ ಪುಟ್ಟ ಫಲಕ ನಡುವಿನಲ್ಲಿ ಉಳಿದು, ಅದರ ಸುತ್ತ ಹೊಸ ಕೆರಾಟಿನ್ ಬಳೆ ಬಳೆಯಾಗಿ ಸೇರುತ್ತ ಹೋಗುತ್ತದೆ. ಅಂಚಿನಲ್ಲಿ ಸೇರುವ ಹೊಸ ಬಳೆ ಪಕ್ಕಕ್ಕೆ ಹರಡಿದರೆ ಬೆನ್ನು ನುಣುಪಾಗುತ್ತದೆ. ಅದು ಪಕ್ಕಕ್ಕೆ ಹರಡದೆ ಕೆಳಮುಖವಾಗಿ ಒತ್ತಿಕೊಂಡು ಬೆಳೆದರೆ, ನಡುವಿನ ಹಳೆಯ ಫಲಕ ಎತ್ತರದಲ್ಲಿ ನಿಂತುಬಿಡುತ್ತದೆ. ವಿಕಾರ ಮೇಲ್ಹೊದಿಕೆಯಲ್ಲಷ್ಟೇ ನಿಲ್ಲದೆ ಕೆಳಗಿನ ಮೂಳೆಗೂ ಇಳಿಯುತ್ತದೆ. ಡುಬ್ಬ ಸಣ್ಣದಾಗಿದ್ದರೆ ಆಮೆಗೆ ಅಷ್ಟೇನೂ ತೊಂದರೆಯಿಲ್ಲ. ವಿಪರೀತವಾದರೆ ನಡಿಗೆ ಕಷ್ಟವಾಗಬಹುದು, ಗಂಡು ಹೆಣ್ಣುಗಳ ಕೂಡುವಿಕೆಗೂ ಅಡ್ಡಿಯಾಗಬಹುದು.

ಇದರೊಂದಿಗೆ ಇನ್ನೊಂದು ರೋಗವನ್ನೂ ಹೆಸರಿಸಬೇಕು. ಕೆಲವು ಮರಿಗಳ ಚಿಪ್ಪು ಬೆರಳಿನಿಂದ ಒತ್ತಿದರೆ ತಗ್ಗುವಷ್ಟು ಮೆತ್ತಗಾಗುತ್ತದೆ, ದವಡೆ ಸಡಿಲವಾಗುತ್ತದೆ, ಕಾಲುಗಳು ಮೈಯನ್ನು ಎತ್ತಲಾರವು. ಇದು ಮೂಳೆಯ ರೋಗ, ಮರಿಯ ಪ್ರಾಣವನ್ನೇ ತೆಗೆಯಬಲ್ಲದು. ಡುಬ್ಬಗಟ್ಟಿದ ಚಿಪ್ಪು ಮತ್ತು ಮೆತ್ತಗಾದ ಚಿಪ್ಪು ಬೇರೆ ಬೇರೆ ಸಂಗತಿಗಳು. ಬಹಳ ಕಾಲ ಇವೆರಡನ್ನೂ ಒಂದೇ ಎಂದು ಎಣಿಸಿದ್ದರಿಂದಲೇ ನಮ್ಮ ಕಥೆ ದಾರಿ ತಪ್ಪಿತು.

ಸೆಲ್ಬೋರ್ನಿನ ಟಿಮೊತಿ

ಸಾಕಿದ ಆಮೆಯೊಂದನ್ನು ಎಚ್ಚರದಿಂದ ಗಮನಿಸಿ ಬರೆದವರಲ್ಲಿ ಹೆಸರಾದವನು ಇಂಗ್ಲೆಂಡಿನ ಗಿಲ್ಬರ್ಟ್ ವೈಟ್. ಹ್ಯಾಂಪ್‌ಶೈರ್ ಸೀಮೆಯ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿದ್ದ ಪಾದ್ರಿ ಅವನು. ಅವನ ಸೋದರತ್ತೆ ರೆಬೆಕಾ ಸ್ನೂಕ್ ಎಂಬಾಕೆ ಸಸೆಕ್ಸಿನ ರಿಂಗ್ಮರ್‌ನಲ್ಲಿ ಒಂದು ಆಮೆಯನ್ನು ಸಾಕಿದ್ದಳು. ಅದರ ಹೆಸರು ಟಿಮೊತಿ. 1780ರಲ್ಲಿ ಆಕೆ ತೀರಿಕೊಂಡ ಮೇಲೆ ವೈಟ್ ಆ ಆಮೆಯನ್ನು ಮಣ್ಣು ತುಂಬಿದ ಪೆಟ್ಟಿಗೆಯಲ್ಲಿಟ್ಟು ಗಾಡಿಯಲ್ಲಿ ತನ್ನೂರಿಗೆ ತಂದನು. 1793ರಲ್ಲಿ ಅವನು ತೀರಿಕೊಂಡನು; ಮರುವರ್ಷ ಟಿಮೊತಿಯೂ ಸತ್ತಿತು. ಅದರ ಚಿಪ್ಪು ಇಂದಿಗೂ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ಗಂಡಸಿನ ಹೆಸರಿಟ್ಟುಕೊಂಡಿದ್ದ ಟಿಮೊತಿ ಹೆಣ್ಣಾಗಿತ್ತೆಂಬುದು ಆ ಚಿಪ್ಪಿನ ಪರೀಕ್ಷೆಯಿಂದಲೇ ತಿಳಿಯಿತು.

ಟಿಮೊತಿ ಚಳಿಗಾಲದಲ್ಲಿ ಮಣ್ಣಿನಲ್ಲಿ ಹುದುಗುವುದನ್ನೂ ವಸಂತದಲ್ಲಿ ಮೇಲೆ ಬರುವುದನ್ನೂ ವೈಟ್ ದಿನಾಂಕ ಸಮೇತ ಬರೆದಿಟ್ಟನು. ಶರತ್ಕಾಲದ ಎಳೆ ಬಿಸಿಲಿನಲ್ಲಿ ಅದು ತೋಟದ ಗೋಡೆಗೆ ತನ್ನ ಚಿಪ್ಪನ್ನು ಓರೆಯಾಗಿ ಒರಗಿಸಿ, ಸಿಕ್ಕಷ್ಟು ಕಿರಣಗಳನ್ನು ಹಿಡಿಯುತ್ತಿತ್ತೆಂದು ಅವನು ಗಮನಿಸಿದನು. ಬಿಸಿಲು ಕಾಯುವುದು ಮೈ ಬೆಚ್ಚಗಾಗಲಿ ಎಂದಷ್ಟೇ ಅಲ್ಲ, ಅದರಲ್ಲಿ ಮೂಳೆಯ ಗುಟ್ಟೂ ಇದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ವೈಟ್‌ನ ಬರಹದಲ್ಲಿ ಡುಬ್ಬದ ಚಿಂತೆಯಿಲ್ಲ. ಅದಕ್ಕೆ ಸರಳವಾದ ಕಾರಣವಿದೆ. ಟಿಮೊತಿ ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳ ಜಾತಿಗೆ ಸೇರಿದ್ದು. ಇಂಗ್ಲೆಂಡಿನ ತೋಟದಲ್ಲಿ ಮೊಟ್ಟೆಯೊಡೆದು ಬಂದದ್ದಲ್ಲ. ಅಂತಹ ಆಮೆಗಳು ಬೆಳೆದ ಮೇಲೆ ಹಿಡಿದು ತಂದವು. ಅವುಗಳ ಬೆನ್ನು ಹುಟ್ಟಿದ ನೆಲದಲ್ಲೇ ರೂಪುಗೊಂಡಿರುತ್ತಿತ್ತು. ಇಪ್ಪತ್ತನೆಯ ಶತಮಾನದ ಬಹುಭಾಗ ಇದೇ ಪದ್ಧತಿ ನಡೆಯಿತು. ಮೊರಾಕೊ, ಟರ್ಕಿ, ಗ್ರೀಸ್, ಯುಗೊಸ್ಲಾವಿಯಾಗಳಿಂದ ಲಕ್ಷಾಂತರ ಆಮೆಗಳನ್ನು ಬುಟ್ಟಿ, ಪೆಟ್ಟಿಗೆಗಳಲ್ಲಿ ಒಟ್ಟಿ ಬ್ರಿಟನ್ನಿಗೆ ಸಾಗಿಸಿದರು. ಅವು ಅಗ್ಗದ ಬೆಲೆಗೆ ಮಕ್ಕಳ ಕೈಸೇರಿದವು. ದಾರಿಯಲ್ಲಿ ಅನೇಕ ಸತ್ತವು. ಉಳಿದವುಗಳಲ್ಲಿ ಬಹಳಷ್ಟು ಮೊದಲ ಚಳಿಗಾಲವನ್ನೇ ದಾಟಲಿಲ್ಲ. ಒಂದು ಸತ್ತರೆ ಇನ್ನೊಂದನ್ನು ಕೊಳ್ಳಬಹುದಾಗಿದ್ದಾಗ ಮರಿಯನ್ನು ಬೆಳೆಸುವ ವಿದ್ಯೆ ಯಾರಿಗೆ ಬೇಕಿತ್ತು?

ಸಿಂಹದ ಮರಿಗಳು, ವಿಯೆನ್ನಾದ ಮಕ್ಕಳು

ಆಮೆಯ ಮೂಳೆಯ ಬಗ್ಗೆ ಮೊದಲ ತಿಳಿವು ಬಂದದ್ದು ಆಮೆಗಳಿಂದಲ್ಲ, ಮನುಷ್ಯರ ಮಕ್ಕಳಿಂದ. ಮಕ್ಕಳ ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನಂತೆ ಬಾಗುವ ರಿಕೆಟ್ಸ್ ರೋಗವನ್ನು 17ನೆಯ ಶತಮಾನದಲ್ಲೇ ಇಂಗ್ಲೆಂಡಿನ ವೈದ್ಯರು ವರ್ಣಿಸಿದ್ದರು. ಫ್ರಾನ್ಸಿಸ್ ಗ್ಲಿಸನ್ನನ ಪ್ರಸಿದ್ಧ ಗ್ರಂಥ ಬಂದದ್ದು 1650ರಲ್ಲಿ. ಮುಂದೆ ಕೈಗಾರಿಕೆಗಳು ಬೆಳೆದು, ಹೊಗೆ ಮುಸುಕಿದ ಊರುಗಳ ಇಕ್ಕಟ್ಟಾದ ಓಣಿಗಳಲ್ಲಿ ಈ ರೋಗ ಮನೆಮನೆಯ ಮಾತಾಯಿತು.

ಪ್ರಾಣಿಗಳಿಗೂ ಇದು ಬರುತ್ತದೆಂಬುದು ಲಂಡನ್ನಿನ ಮೃಗಾಲಯದಲ್ಲಿ ಕಂಡಿತು. ಅಲ್ಲಿ ಹುಟ್ಟಿದ ಸಿಂಹದ ಮರಿಗಳು ಮೂಳೆ ಡೊಂಕಾಗಿ ಸಾಯುತ್ತಿದ್ದವು. ಅವುಗಳಿಗೆ ಸಿಗುತ್ತಿದ್ದುದು ಮೂಳೆಯಿಲ್ಲದ, ಕೊಬ್ಬಿಲ್ಲದ ಕುದುರೆ ಮಾಂಸ. 1880ರ ದಶಕದ ಕೊನೆಯಲ್ಲಿ ಜಾನ್ ಬ್ಲಾಂಡ್ ಸಟನ್ ಎಂಬ ಶಸ್ತ್ರವೈದ್ಯ ಆ ಆಹಾರಕ್ಕೆ ಪುಡಿಮಾಡಿದ ಮೂಳೆ, ಹಾಲು ಮತ್ತು ಕಾಡ್ ಮೀನಿನ ಎಣ್ಣೆ ಸೇರಿಸಲು ಹೇಳಿದನು. ಕೆಲವೇ ತಿಂಗಳಲ್ಲಿ ಮರಿಗಳು ಚೇತರಿಸಿಕೊಂಡವು. ಏಕೆ ಗುಣವಾಯಿತೆಂದು ಹೇಳಲು ಆಗ ಯಾರಿಗೂ ಸಾಧ್ಯವಿರಲಿಲ್ಲ.

ಉತ್ತರ ಮುಂದಿನ ಪೀಳಿಗೆಗೆ ದೊರೆಯಿತು. ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ 1919ರಲ್ಲಿ ಪಾದರಸದ ದೀಪದ ನೇರಳಾತೀತ ಕಿರಣಗಳಿಂದ ರಿಕೆಟ್ಸ್ ಗುಣಪಡಿಸಿದ ವರದಿಯನ್ನು ಪ್ರಕಟಿಸಿದನು. ಒಂದು ತೋಳಿಗೆ ಮಾತ್ರ ಕಿರಣ ಹಾಯಿಸಿದರೂ ಇನ್ನೊಂದು ತೋಳಿನ ಮೂಳೆಯೂ ಗಟ್ಟಿಯಾದದ್ದನ್ನು ಅವನು ಕಂಡನು. ಅಂದರೆ ಚರ್ಮದಲ್ಲಿ ಹುಟ್ಟಿದ ಯಾವುದೋ ವಸ್ತು ರಕ್ತದಲ್ಲಿ ಹರಿದು ಮೈಯೆಲ್ಲ ಸೇರಿತ್ತು. ಅದೇ ಹೊತ್ತಿಗೆ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳ ಮೇಲಿನ ಪ್ರಯೋಗಗಳಿಂದ, ರೋಗ ಆಹಾರದ ಕೊರತೆಯಿಂದ ಬರುತ್ತದೆಂದೂ ಕಾಡ್ ಎಣ್ಣೆಯಿಂದ ಹೋಗುತ್ತದೆಂದೂ ತೋರಿಸಿದನು. ಬಿಸಿಲೋ ಎಣ್ಣೆಯೋ ಎಂಬ ವಾದ ಎದ್ದಿತು. ಮೊದಲ ಮಹಾಯುದ್ಧ ಮುಗಿದು ಹಸಿವಿನಿಂದ ಕಂಗೆಟ್ಟಿದ್ದ ವಿಯೆನ್ನಾ ನಗರಕ್ಕೆ ಹ್ಯಾರಿಯೆಟ್ ಚಿಕ್ ಎಂಬ ವಿಜ್ಞಾನಿ ತನ್ನ ಸಂಗಡಿಗರೊಂದಿಗೆ ಹೋದಳು. ಅಲ್ಲಿಯ ಮಕ್ಕಳ ಆಸ್ಪತ್ರೆಯಲ್ಲಿ ಆಹಾರವನ್ನೂ ಬೆಳಕನ್ನೂ ಕಟ್ಟುನಿಟ್ಟಾಗಿ ಅಳೆದು ನೋಡಿ, ಎರಡರಿಂದಲೂ ರೋಗ ಗುಣವಾಗುತ್ತದೆಂದು ಅವರು ಸ್ಥಾಪಿಸಿದರು. ವಿಯೆನ್ನಾದ ಹೆಸರು ನಿಮ್ಮ ನೆನಪಿನಲ್ಲಿರಲಿ. ನಮ್ಮ ಕಥೆ ಮತ್ತೆ ಅಲ್ಲಿಗೇ ಬರುತ್ತದೆ.

ಎಣ್ಣೆಯಲ್ಲಿದ್ದ, ಬಿಸಿಲು ಚರ್ಮದಲ್ಲಿ ಹುಟ್ಟಿಸುತ್ತಿದ್ದ ವಸ್ತುವಿಗೆ ವಿಟಮಿನ್ ಡಿ ಎಂಬ ಹೆಸರು ಬಂತು. ಈ ಕ್ಷೇತ್ರದ ಸಂಶೋಧನೆಗಾಗಿ ಜರ್ಮನಿಯ ಅಡಾಲ್ಫ್ ವಿಂಡೌಸ್‌ಗೆ 1928ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ವಿಟಮಿನ್ ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ಸರಿಯಾಗಿ ರಕ್ತಕ್ಕೆ ಸೇರದು. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂಗಾಗಿ ದೇಹ ತನ್ನ ಮೂಳೆಯನ್ನೇ ಕರಗಿಸತೊಡಗುತ್ತದೆ. ಆಮೆಯಲ್ಲೂ ನಡೆಯುವುದು ಇದೇ. ವ್ಯತ್ಯಾಸವಿಷ್ಟೇ: ಆಮೆ ತನ್ನ ಮೂಳೆಯ ಬಹುಭಾಗವನ್ನು ಬೆನ್ನಮೇಲೆ ಹೊತ್ತಿರುವುದರಿಂದ ಸೋತದ್ದು ಅಲ್ಲಿಯೇ ಎದ್ದು ಕಾಣುತ್ತದೆ.

1984ರ ತಿರುವು

1975ರಲ್ಲಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ ಜಾರಿಗೆ ಬಂತು. 1984ರಲ್ಲಿ ಯುರೋಪಿಯನ್ ಸಮುದಾಯವು ಮೆಡಿಟರೇನಿಯನ್ ಆಮೆಗಳ ವಾಣಿಜ್ಯ ಆಮದನ್ನು ನಿಷೇಧಿಸಿತು. ಇದು ಆಮೆಗಳ ಚರಿತ್ರೆಯಲ್ಲಿ ದೊಡ್ಡ ತಿರುವು. ಬೆಳೆದ ಆಮೆ ಇನ್ನು ಸುಲಭವಾಗಿ ಸಿಗುವಂತಿರಲಿಲ್ಲ. ಆದ್ದರಿಂದ ತಮ್ಮಲ್ಲಿರುವ ಆಮೆಗಳಿಂದಲೇ ಮೊಟ್ಟೆ ಇಡಿಸಿ, ಮರಿ ಮಾಡಿಸಿ, ಬೆಳೆಸುವ ಕೆಲಸಕ್ಕೆ ಜನ ಕೈಹಾಕಿದರು. ಆಫ್ರಿಕಾದ ಚಿರತೆ ಆಮೆ, ಸಲ್ಕಾಟಾ ಆಮೆಗಳ ಮರಿಗಳೂ ಯುರೋಪು ಅಮೆರಿಕಗಳ ಮನೆಗಳಲ್ಲಿ ಬೆಳೆಯತೊಡಗಿದವು. ಮನುಷ್ಯನ ಕೈಯಲ್ಲಿ ಮೊಟ್ಟೆಯಿಂದ ಮೊದಲ್ಗೊಂಡು ಬೆಳೆದ ಆಮೆಗಳ ದೊಡ್ಡ ಪೀಳಿಗೆ ಹೀಗೆ ಹುಟ್ಟಿತು. ಡುಬ್ಬಗಳ ಪೀಳಿಗೆಯೂ ಅದೇ ಆಯಿತು.

ರಿಕೆಟ್ಸ್‌ನ ಪಾಠ ಗೊತ್ತಿದ್ದವರು ಕ್ಯಾಲ್ಸಿಯಂ ಪುಡಿಯನ್ನು ಆಹಾರದ ಮೇಲೆ ಉದುರಿಸಿದರು. ಬಿಸಿಲಿಗೆ ಬದಲಾಗಿ ನೇರಳಾತೀತ ಕಿರಣ ಸೂಸುವ ದೀಪಗಳನ್ನು ಹಾಕಿದರು. ಮೆತ್ತಗಿನ ಚಿಪ್ಪಿನ ರೋಗ ಹಿಮ್ಮೆಟ್ಟಿತು. ಆದರೆ ಗಟ್ಟಿಯಾದ ಚಿಪ್ಪಿನ ಮೇಲೂ ಡುಬ್ಬಗಳು ಏಳುತ್ತಲೇ ಇದ್ದವು. ಮೂಳೆ ಸರಿಯಾಗಿದ್ದರೂ ಆಕಾರ ಕೆಡುತ್ತಿದೆಯೆಂದರೆ ಇನ್ನೊಂದು ಕಾರಣವಿರಲೇಬೇಕು.

ಆಗ ದೋಷ ಹೊತ್ತದ್ದು ಪ್ರೋಟೀನ್. ಬಟಾಣಿ, ಹುರುಳಿಕಾಯಿ, ಕೆಲವೊಮ್ಮೆ ನಾಯಿ ಬೆಕ್ಕುಗಳ ಡಬ್ಬದ ಆಹಾರವನ್ನೂ ಜನ ಆಮೆಗೆ ತಿನ್ನಿಸುತ್ತಿದ್ದರು. ಒಣ ಹುಲ್ಲು, ಕಳೆಗಿಡ ಮೇಯುವ ಪ್ರಾಣಿಗೆ ಇದು ಔತಣವೇ ಸರಿ. ಮರಿಗಳು ಬಹಳ ಬೇಗ ದೊಡ್ಡದಾದವು, ಡುಬ್ಬಗಟ್ಟಿದವು. ಹೆಚ್ಚು ಪ್ರೋಟೀನ್ ಒಳಗೆ ಹೋಗಿದೆ, ಹೆಚ್ಚು ಕೆರಾಟಿನ್ ಹೊರಗೆ ಬಂದಿದೆ ಎಂಬ ವಿವರಣೆ ತರ್ಕಬದ್ಧವಾಗಿಯೇ ಕಾಣುತ್ತಿತ್ತು. ಸಾಕುವವರ ಕೈಪಿಡಿಗಳಲ್ಲೆಲ್ಲ ಅದೇ ಮಾತು ಬಂತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಬಯಲಿನ ಮರಿಗೂ ಪೆಟ್ಟಿಗೆಯ ಮರಿಗೂ ಇದ್ದ ವ್ಯತ್ಯಾಸ ಆಹಾರದ್ದೊಂದೇ ಆಗಿತ್ತೇ? ಪೆಟ್ಟಿಗೆಯ ಮರಿಗೆ ಪುಷ್ಟಿಯ ಆಹಾರವಿತ್ತು. ಜೊತೆಗೆ ಹಗಲಿಡೀ ಉರಿಯುವ ಬಿಸಿ ದೀಪವಿತ್ತು. ಕಾಲಡಿಯಲ್ಲಿ ಒಣ ಮರಳೋ ಕಾಗದವೋ ಇತ್ತು. ಮಳೆಯಿರಲಿಲ್ಲ, ಇಬ್ಬನಿಯಿರಲಿಲ್ಲ, ಹುದುಗಿಕೊಳ್ಳಲು ಮಣ್ಣಿರಲಿಲ್ಲ. ಹತ್ತು ಸಂಗತಿಗಳು ಒಟ್ಟಿಗೇ ಬದಲಾಗಿರುವಾಗ ಅವುಗಳಲ್ಲಿ ಒಂದನ್ನು ಹಿಡಿದು ಇದೇ ಕಾರಣವೆಂದರೆ ಅದು ಊಹೆಯೇ ಹೊರತು ಸಿದ್ಧಾಂತವಲ್ಲ. ಒಂದೊಂದನ್ನೇ ಬೇರ್ಪಡಿಸಿ ನೋಡಬೇಕು.

ಐವತ್ತು ಮರಿಗಳ ಪ್ರಯೋಗ

ಹಾಗೆ ಬೇರ್ಪಡಿಸಿ ನೋಡಿದವರು ವೀಸ್ನರ್ ಮತ್ತು ಈಬೆನ್ ಎಂಬ ಸಂಶೋಧಕರು. ನೋಡಿದ್ದು ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ. ಹ್ಯಾರಿಯೆಟ್ ಚಿಕ್ ಮಕ್ಕಳ ಮೂಳೆಯ ಪ್ರಶ್ನೆಯನ್ನು ಬಿಡಿಸಿದ ಅದೇ ನಗರ. 2003ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು.

ಅವರು ಆರಿಸಿಕೊಂಡದ್ದು ಆಫ್ರಿಕಾದ ಸಲ್ಕಾಟಾ ಆಮೆಯ 50 ಮರಿಗಳನ್ನು. ಗಲಪಗಸ್ ಮತ್ತು ಅಲ್ಡಾಬ್ರಾ ದ್ವೀಪಗಳ ದೈತ್ಯ ಆಮೆಗಳನ್ನು ಬಿಟ್ಟರೆ ನೆಲದ ಆಮೆಗಳಲ್ಲಿ ಇದೇ ದೊಡ್ಡದು. ಮರಿಗಳನ್ನು ಐದು ಗುಂಪುಗಳಾಗಿ ವಿಂಗಡಿಸಿ 5 ತಿಂಗಳು ಬೆಳೆಸಿದರು. ಉಷ್ಣತೆಯನ್ನು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಬಗೆಯಾಗಿಟ್ಟರು. ಗುಂಪಿನಿಂದ ಗುಂಪಿಗೆ ಬದಲಾಯಿಸಿದ್ದು ಎರಡೇ: ಆಹಾರದ ಪ್ರೋಟೀನ್ ಮತ್ತು ಗಾಳಿಯ ತೇವಾಂಶ. ಕೊನೆಗೆ ಡುಬ್ಬಗಳ ಎತ್ತರವನ್ನು ಅಳೆದರು.

ಫಲಿತಾಂಶ ಹಳೆಯ ನಂಬಿಕೆಯನ್ನು ತಲೆಕೆಳಗು ಮಾಡಿತು. ಒಣ ಗಾಳಿಯಲ್ಲಿ ಬೆಳೆದ ಮರಿಗಳ ಡುಬ್ಬ ಎತ್ತರವಾಗಿದ್ದವು. ಸಾಪೇಕ್ಷ ತೇವಾಂಶ ಶೇಕಡಾ 45ರಿಂದ 99ರವರೆಗೆ ಇದ್ದ ತೇವದ ಗಾಳಿಯಲ್ಲಿ ಬೆಳೆದವುಗಳ ಡುಬ್ಬ ತಗ್ಗಾಗಿದ್ದವು. ಪ್ರೋಟೀನಿನ ಪಾಲು ಇತ್ತು, ಆದರೆ ಅದು ಚಿಕ್ಕದು. ಇಷ್ಟು ವರ್ಷ ಮುಖ್ಯ ಅಪರಾಧಿಯೆನಿಸಿಕೊಂಡದ್ದು ಸಹಾಯಕನಷ್ಟೇ ಆಗಿತ್ತು. ಯಾರೂ ಗಮನಿಸದಿದ್ದ ಒಣಹವೆಯೇ ಮುಂದೆ ನಿಂತಿತ್ತು.

ಬಿಲದ ಗಾಳಿ

ಸಲ್ಕಾಟಾ ಸಹಾರಾ ಮರುಭೂಮಿಯ ದಕ್ಷಿಣದಂಚಿನ ಪ್ರಾಣಿ. ಮರುಭೂಮಿಯ ಪ್ರಾಣಿಗೆ ತೇವ ಏಕೆ ಬೇಕೆಂದು ನೀವು ಕೇಳಬಹುದು. ಸಾಕುವವರೂ ಹೀಗೆಯೇ ಯೋಚಿಸಿದ್ದರು. ಭೂಪಟದಲ್ಲಿ ಮರಳುಗಾಡೆಂದಿದೆ, ಆದ್ದರಿಂದ ಪೆಟ್ಟಿಗೆಯೂ ಒಣಗಿರಲಿ ಎಂದುಕೊಂಡರು. ಅವರು ಆಮೆಯ ದೇಶವನ್ನು ನೋಡಿದರು, ಆಮೆಯ ದಿನಚರಿಯನ್ನು ನೋಡಲಿಲ್ಲ.

ಸಲ್ಕಾಟಾ ಸುಡುವ ಹೊತ್ತನ್ನೆಲ್ಲ ಮೀಟರುಗಟ್ಟಲೆ ಉದ್ದದ ಬಿಲದಲ್ಲಿ ಕಳೆಯುತ್ತದೆ. ಬಿಲದ ಒಳಗಿನ ಗಾಳಿ ಹೊರಗಿನಂತಲ್ಲ; ಅಲ್ಲಿ ತಂಪಿದೆ, ತೇವವಿದೆ. ಇತರ ಜಾತಿಗಳ ಮರಿಗಳೂ ಬಟ್ಟಬಯಲಿನಲ್ಲಿ ತಿರುಗುವುದಿಲ್ಲ. ಪೊದೆಯ ಬುಡ, ಹುಲ್ಲಿನ ಕೂಳೆ, ತರಗೆಲೆಯ ಅಡಿ, ಸಡಿಲ ಮಣ್ಣು ಅವುಗಳ ಮನೆ. ಮೇಲಾಗಿ ಒಣನಾಡಿನ ಆಮೆ ಚುರುಕಾಗಿ ಮೇದು ಬೆಳೆಯುವುದು ಮಳೆ ಬಿದ್ದು ಹಸಿರೆದ್ದ ದಿನಗಳಲ್ಲಿ. ಬರಗಾಲದಲ್ಲಿ ಬೆಳವಣಿಗೆ ನಿಲ್ಲುತ್ತದೆ, ಮಳೆಗಾಲದಲ್ಲಿ ಮುಂದುವರಿಯುತ್ತದೆ. ಪೆಟ್ಟಿಗೆಯಲ್ಲಿ ಆದದ್ದು ಇದಕ್ಕೆ ವಿರುದ್ಧ: ಆಹಾರ ಮಳೆಗಾಲದ್ದು, ಗಾಳಿ ಬೇಸಿಗೆಯದು. ಫಲಕದ ಅಂಚಿನಲ್ಲಿ ಹೊಸದಾಗಿ ಹುಟ್ಟುವ ಕೆರಾಟಿನ್ ಬಿಸಿ ದೀಪದ ಕೆಳಗೆ ಬೇಗ ಒಣಗಿ ಬಿರುಸಾಗುತ್ತದೆ. ಪಕ್ಕಕ್ಕೆ ಹರಡಲಾರದೆ ಬೆಳವಣಿಗೆ ಕೆಳಕ್ಕೆ ತಿರುಗುತ್ತದೆ. ಡುಬ್ಬ ಏಳುವ ರೀತಿಗೆ ಇಂದು ಹಲವರು ಕೊಡುವ ವಿವರಣೆ ಇದು.

ಹಾಗೆಂದು ತೇವವೊಂದೇ ಸಾಕೆಂದರೆ ನಾವೂ ಹಳೆಯ ತಪ್ಪನ್ನೇ ಮಾಡಿದಂತಾಗುತ್ತದೆ. ಹಿಂದಿನ ಉತ್ತರಗಳು ಸುಳ್ಳಾಗಿರಲಿಲ್ಲ, ಅಪೂರ್ಣವಾಗಿದ್ದವು. ಆದ್ದರಿಂದ ಇಂದಿನ ತಿಳಿವಳಿಕೆಯಲ್ಲಿ ಎಲ್ಲ ಕಾಲದ ಪಾಠಗಳೂ ಕೂಡಿಕೊಂಡಿವೆ. ಮೂಳೆಗೆ ಬಿಸಿಲು ಬೇಕು. ಅದು ನೇರವಾದ ಬಿಸಿಲಾಗಿರಬೇಕು, ಏಕೆಂದರೆ ಕಿಟಕಿಯ ಗಾಜು ವಿಟಮಿನ್ ಡಿ ಹುಟ್ಟಿಸುವ ಕಿರಣಗಳನ್ನು ತಡೆದುಬಿಡುತ್ತದೆ. ಬಿಸಿಲಿನ ಜಾಗದ ಪಕ್ಕದಲ್ಲೇ ನೆರಳೂ ಇರಬೇಕು. ಆಹಾರದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿರಬೇಕು, ಸುಮಾರು ಎರಡರಷ್ಟು. ಕಟಲ್ ಮೀನಿನ ಒಳಚಿಪ್ಪನ್ನು ಆಮೆಯ ಮುಂದೆ ಇಡುವ ರೂಢಿ ಇದಕ್ಕಾಗಿಯೇ. ನಮ್ಮ ಆಯುರ್ವೇದದಲ್ಲಿ ಸಮುದ್ರಫೇನವೆಂದು ಕರೆಯುವ ವಸ್ತುವೇ ಅದು. ಹುಲ್ಲು ಮೇಯುವ ಜಾತಿಗಳಿಗೆ ಹುಲ್ಲು, ಸೊಪ್ಪು, ಕಳೆಗಿಡಗಳೇ ಮುಖ್ಯ ಆಹಾರ. ಅನ್ನ, ಬ್ರೆಡ್ಡು, ಮಾಂಸ, ಬೇಳೆಕಾಳು ಅವುಗಳದಲ್ಲ. ಪಾಲಕ್ ಸೊಪ್ಪಿನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಅದನ್ನು ದಿನವೂ ಕೊಡಬಾರದು. ಮರಿ ಹುದುಗಿಕೊಳ್ಳುವಷ್ಟು ತೇವದ ಮಣ್ಣು, ಒಂದು ತಂಪಾದ ಮರೆ, ಆಗಾಗ್ಗೆ ಉಗುರುಬೆಚ್ಚಗಿನ ಆಳವಿಲ್ಲದ ನೀರು ಬೇಕು. ತೇವದೊಂದಿಗೆ ಬೆಚ್ಚಗೂ ಇರಬೇಕು. ತೇವಕ್ಕೆ ಚಳಿ ಸೇರಿದರೆ ಶ್ವಾಸಕೋಶದ ರೋಗ, ಸದಾ ಕೆಸರಾದರೆ ಚಿಪ್ಪು ಕೊಳೆಯುವ ರೋಗ.

ಎಲ್ಲಕ್ಕಿಂತ ಮಿಗಿಲಾಗಿ, ಅವಸರ ಕೂಡದು. ಸಾಕಿದ ಚಿರತೆ ಆಮೆಗಳನ್ನು ಕಾಡಿನವುಗಳೊಂದಿಗೆ ಹೋಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾಕಿದವು ಬಹಳ ವೇಗವಾಗಿ ಬೆಳೆಯುತ್ತವೆಂದು ತೋರಿಸಿತು. ಮರಿ ಬೇಗ ದೊಡ್ಡದಾಯಿತೆಂದು ಸಾಕಿದವನು ಹಿಗ್ಗಬಹುದು. ಆಮೆಯ ಮಟ್ಟಿಗೆ ಅದು ಹಿಗ್ಗುವ ಸಂಗತಿಯಲ್ಲ. ಮೊಲದೊಡನೆ ಪಂದ್ಯ ಕಟ್ಟಿದ ಕಥೆಯಲ್ಲಿಯೂ ಅದು ಗೆದ್ದದ್ದು ನಿಧಾನದಿಂದಲೇ.

ನಮ್ಮ ನಕ್ಷತ್ರ ಆಮೆ

ಇದೆಲ್ಲ ದೂರದ ದೇಶಗಳ ಮಾತೆಂದು ನೀವು ಭಾವಿಸಬಹುದು. ಆದರೆ ನಮ್ಮ ನೆಲದಲ್ಲೂ ಒಂದು ಆಮೆಯಿದೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹೊಮ್ಮುವ ನಕ್ಷತ್ರ ಆಮೆ. ಗುಜರಾತ್ ರಾಜಸ್ಥಾನಗಳ ಕಡೆ, ಶ್ರೀಲಂಕಾದಲ್ಲಿ, ಮತ್ತು ತಮಿಳುನಾಡು, ಆಂಧ್ರ, ಅದಕ್ಕೆ ತಾಗಿದ ಕರ್ನಾಟಕದ ಪೂರ್ವದ ಕುರುಚಲು ಬಯಲುಗಳಲ್ಲಿ ಅದರ ವಾಸ. ಮುಂಗಾರು ಹಿಡಿದಾಗ ಚುರುಕಾಗಿ ಓಡಾಡಿ, ಒಣಹವೆಯಲ್ಲಿ ಪೊದೆಯಡಿ ಮುದುಡುವುದು ಅದರ ಕ್ರಮ.

ಈ ಆಮೆಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಜಾರ್ಜ್ ಬೌಲೆಂಜರ್ 1890ರಲ್ಲಿ ಬ್ರಿಟಿಷ್ ಇಂಡಿಯಾದ ಸರೀಸೃಪಗಳ ಗ್ರಂಥದಲ್ಲಿ ಇದರ ಬೆನ್ನಿನ ಫಲಕಗಳು ಅನೇಕ ವೇಳೆ ಡುಬ್ಬವಾಗಿರುತ್ತವೆಂದು ದಾಖಲಿಸಿದನು. ಅಂದರೆ ಕಾಡಿನ ನಕ್ಷತ್ರ ಆಮೆಗೂ ಸಹಜವಾದ ಉಬ್ಬು ಇರಬಹುದು. ಪ್ರತಿ ಉಬ್ಬೂ ರೋಗವಲ್ಲ. ಒಂದು ಜಾತಿಗೆ ವಿಕಾರವೆನಿಸಿದ್ದು ಇನ್ನೊಂದಕ್ಕೆ ಸ್ವಭಾವವಾಗಿರಬಹುದು. ತೀರ್ಪು ಕೊಡುವ ಮುನ್ನ ಆ ಜಾತಿ ತನ್ನ ನೆಲೆಯಲ್ಲಿ ಹೇಗಿದೆಯೆಂದು ತಿಳಿದಿರಬೇಕು.

ಇಷ್ಟು ಚೆಲುವಾದ ಚಿಪ್ಪೇ ಅದಕ್ಕೆ ಮುಳುವಾಯಿತು. ಮನೆಯಲ್ಲಿದ್ದರೆ ಅದೃಷ್ಟ ತರುತ್ತದೆಂಬ ನಂಬಿಕೆಯೂ ಸೇರಿಕೊಂಡಿತು. ನಮ್ಮ ದೇಶದಲ್ಲಿ ನಕ್ಷತ್ರ ಆಮೆಯನ್ನು ಹಿಡಿಯುವುದನ್ನೂ ಮಾರುವುದನ್ನೂ ಮನೆಯಲ್ಲಿ ಇಟ್ಟುಕೊಳ್ಳುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಆದರೂ ಕಳ್ಳಸಾಗಣೆ ನಿಂತಿಲ್ಲ. ಭಾರತದ ಒಂದೇ ಪ್ರದೇಶದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಹಿಡಿದು ಸಾಗಿಸಲಾಗುತ್ತಿದೆಯೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ಸಿಕ್ಕಿದ್ದ 51 ನಕ್ಷತ್ರ ಆಮೆಗಳು ವಿಮಾನವೇರಿ ಬೆಂಗಳೂರಿಗೆ ಮರಳಿದವು. 2019ರಲ್ಲಿ ಸೈಟಿಸ್ ಒಪ್ಪಂದ ಈ ಜಾತಿಯನ್ನು ತನ್ನ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು.

ಆದ್ದರಿಂದ ಮರಿಯ ಚಿಪ್ಪನ್ನು ಕಾಪಾಡುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ನಾಡಿನ ಆಮೆಯ ಮಟ್ಟಿಗೆ ಉತ್ತರ ಚಿಕ್ಕದು: ಅದನ್ನು ಇದ್ದಲ್ಲಿಯೇ ಇರಗೊಡುವುದು. ಅಂಗಡಿಯಲ್ಲೋ ಪರಿಚಿತರ ಮನೆಯಲ್ಲೋ ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮರುಕದಿಂದ ನಾವೇ ಕೊಂಡು ತರಬಾರದು, ಎಲ್ಲೆಂದರಲ್ಲಿ ಬಿಟ್ಟೂ ಬರಬಾರದು. ಮೇಲೆ ಹೇಳಿದ ಆರೈಕೆಯ ವಿದ್ಯೆ ವ್ಯರ್ಥವೆಂದಲ್ಲ. ಕಳ್ಳರಿಂದ ಬಿಡಿಸಿ ತಂದ ಮರಿಗಳನ್ನು ನೋಡಿಕೊಳ್ಳುವ ಪಶುವೈದ್ಯರಿಗೆ, ರಕ್ಷಣಾ ಕೇಂದ್ರಗಳಿಗೆ, ಮೃಗಾಲಯಗಳಿಗೆ ಅದು ದಿನನಿತ್ಯದ ಅಗತ್ಯ. ನಿಮ್ಮಲ್ಲಿ ಕೆಲವರು ನಾಳೆ ಆ ಕೆಲಸಕ್ಕೆ ಹೋಗಬಹುದು.

ಮರವನ್ನು ಕೊಯ್ದಾಗ ಅದರ ಬಳೆಗಳಲ್ಲಿ ಬರದ ವರ್ಷವೂ ಮಳೆಯ ವರ್ಷವೂ ಕಾಣುತ್ತವೆ. ಆಮೆಯ ಬೆನ್ನಿನಲ್ಲಿಯೂ ಅದು ಬಾಲ್ಯದಲ್ಲಿ ಪಡೆದದ್ದು, ಪಡೆಯದೆ ಹೋದದ್ದು ಬರೆದಿರುತ್ತದೆ. ವಿದ್ವಾಂಸರೂ ಸಾಕುವವರೂ ಆ ಬರಹವನ್ನು ಓದಲು ಬಹಳ ಕಾಲ ಹಿಡಿಯಿತು, ಏಕೆಂದರೆ ಪ್ರತಿಯೊಬ್ಬರೂ ತಮಗೆ ಗೊತ್ತಿದ್ದ ಒಂದೇ ಅಕ್ಷರವನ್ನು ಅದರಲ್ಲಿ ಹುಡುಕಿದರು. ಕಾರಣಗಳು ಹಲವಿದ್ದಾಗ ಒಂದೊಂದನ್ನೇ ಬೇರ್ಪಡಿಸಿ ಅಳೆಯಬೇಕು, ಅಳೆದ ಮೇಲೆ ಎಲ್ಲವನ್ನೂ ಕೂಡಿಸಿ ನೋಡಬೇಕು. ವಿಯೆನ್ನಾದ ಆಸ್ಪತ್ರೆಯ ಮಕ್ಕಳೂ ವಿಯೆನ್ನಾದ ಆ ಐವತ್ತು ಮರಿಗಳೂ ನಮಗೆ ಕಲಿಸಿದ್ದು ಇದನ್ನೇ.